ದುಡಿಮೆಯ ಬದುಕಿನಲ್ಲಿ ಜನಪ್ರಿಯ ಸಂಸ್ಕೃತಿಯ ಸ್ಥಾನ

'ಸಂಸ್ಕೃತಿ' ಎಂಬ ಶಬ್ದವನ್ನು ಉಚ್ಚರಿಸಿದೊಡನೆ ನಮ್ಮಲ್ಲಿ ಬಹುಜನರ ಕಣ್ಣೆದುರು ನಿಲ್ಲುವುದು ಬೇಲೂರಿನ ಶಿಲ್ಪ, ಪಂಪನ ಕಾವ್ಯ, ಮಲ್ಲಿಕಾರ್ಜುನ ಮನಸೂರರ ಗಾಯನ. ಇವು ಸಂಸ್ಕೃತಿಯ ಶಿಖರಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಗಲೆಲ್ಲ ದುಡಿದು ದಣಿದ ಜನರು ಇರುಳಿನಲ್ಲಿ ಕೂಡಿ ನೋಡುವ ಜಾತ್ರೆಯ ನಾಟಕ, ಹೊಲದ ಬದುವಿನ ಮೇಲೆ ಹಾಡುವ ರೇಡಿಯೋ, ಚಹದಂಗಡಿಯಲ್ಲಿ ಚರ್ಚೆಗೆ ಬರುವ ಚಲನಚಿತ್ರ, ಈಗೀಗ ಅಂಗೈಯಲ್ಲಿಯೇ ಮಿನುಗುವ ಮೊಬೈಲಿನ ಹಾಡು ಇವನ್ನೂ ಅದೇ ಹೆಸರಿನಿಂದ ಕರೆಯಲು ನಾವು ಹಿಂಜರಿಯುತ್ತೇವೆ. ವಿದ್ಯಾವಂತರಾದಷ್ಟೂ ಈ ಹಿಂಜರಿಕೆ ಹೆಚ್ಚು.

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಶ್ರೀಮಠಗಳ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ವಾರ್ಷಿಕ ಸ್ನೇಹಸಮ್ಮೇಳನವು ಸಮೀಪಿಸಿತೆಂದರೆ ಒಂದು ಸಲಹೆ ತಪ್ಪದೆ ಕೇಳಿಬರುತ್ತದೆ. ಸಿನಿಮಾ ಹಾಡು, ಸಿನಿಮಾ ಕುಣಿತಗಳನ್ನು ವೇದಿಕೆಯಿಂದ ಪೂರ್ಣವಾಗಿ ಬಹಿಷ್ಕರಿಸಬೇಕು. ವಚನಗಾಯನ, ಭರತನಾಟ್ಯ, ಭಾಷಣಗಳಿಗೆ ಮಾತ್ರ ಅವಕಾಶವಿರಬೇಕು ಎಂಬುದೇ ಆ ಸಲಹೆ. ಇದನ್ನು ಮುಂದಿಡುವವರು ಸಜ್ಜನರು. ಸಂಸ್ಥೆಗಾಗಿ ಕೈಬಿಚ್ಚಿ ದಾನವಿತ್ತವರೂ ಅವರಲ್ಲಿದ್ದಾರೆ. ಅವರ ಕಳಕಳಿಯನ್ನು ಗೌರವಿಸಿಯೇ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬಹಿಷ್ಕಾರವು ತಪ್ಪುದಾರಿ. ಅದರಿಂದ ಹಾಡಿಗೆ ಯಾವ ನಷ್ಟವೂ ಇಲ್ಲ, ನಷ್ಟವಾಗುವುದು ಶಾಲೆಗೆ.

ಮೊದಲು ಶಬ್ದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. 'ಜನಪದ' ಮತ್ತು 'ಜನಪ್ರಿಯ' ಎಂಬೆರಡು ಪದಗಳನ್ನು ಒಂದರ ಬದಲು ಇನ್ನೊಂದೆಂಬಂತೆ ಬಳಸುವ ರೂಢಿ ನಮ್ಮಲ್ಲಿದೆ. ಜನರು ತಮ್ಮ ಕೆಲಸದ ನಡುವೆ ತಾವೇ ಕಟ್ಟಿಕೊಂಡು, ಬಾಯಿಂದ ಬಾಯಿಗೆ ಸಾಗಿಸಿಕೊಂಡು ಬಂದದ್ದು ಜನಪದ. ಕೆಲವರು ಕಟ್ಟಿ, ಬೆಲೆಯಿಟ್ಟು ಮಾರಿ, ಬಹುಜನರು ಕೊಂಡು ತಮ್ಮದಾಗಿಸಿಕೊಂಡದ್ದು ಜನಪ್ರಿಯ. 'ತಮ್ಮದಾಗಿಸಿಕೊಂಡದ್ದು' ಎಂಬ ಮಾತನ್ನು ಮರೆಯಬಾರದು. ಟಿಕೀಟು ಮಾರಾಟವಾದ ಮಾತ್ರಕ್ಕೆ ಯಾವುದೂ ಜನಪ್ರಿಯವಾಗುವುದಿಲ್ಲ. ಅದರ ಮಾತು ಸಂತೆಯಲ್ಲಿ ನಾಣ್ಣುಡಿಯಾಗಬೇಕು, ಅದರ ಧಾಟಿಗೆ ಸೋಬಾನೆ ಪದ ಕೂಡಿಕೊಳ್ಳಬೇಕು, ಅದರ ನಾಯಕನ ಹೆಸರು ತೊಟ್ಟಿಲಿಗೆ ಏರಬೇಕು. ಆಗಲೇ ಅದು ಸಂಸ್ಕೃತಿ. ಅಲ್ಲಿಯ ತನಕ ಅದು ಬರಿಯ ಸರಕು.

ದುಡಿಮೆಗೂ ಹಾಡಿಗೂ ಇರುವ ನಂಟು ಹೊಸದಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹವನ್ನು ಹೊರತಂದಾಗ ಕನ್ನಡದ ಪಂಡಿತಲೋಕವು ಬೆರಗಾಗಿ ಆಲಿಸಿದ ಪದಗಳು ಅರಮನೆಯಲ್ಲಿ ಹುಟ್ಟಿದವಲ್ಲ, ಬಹುಮಟ್ಟಿಗೆ ಬೀಸುವ ಕಲ್ಲಿನ ಮುಂದೆ ಹುಟ್ಟಿದವು. ನಸುಕಿನಲ್ಲಿ ಇಬ್ಬರು ಹೆಣ್ಣುಮಕ್ಕಳು ಎದುರುಬದುರಾಗಿ ಕುಳಿತು ಒಂದೇ ಗೂಟಕ್ಕೆ ಕೈಹಚ್ಚಿ ಜೋಳ ಬೀಸುವಾಗ, ಕಲ್ಲಿನ ಸುತ್ತಿಗೂ ಹಾಡಿನ ಸಾಲಿಗೂ ಒಂದೇ ಅಳತೆ. ತೋಳಿನ ನೋವನ್ನು ಮರೆಸುವುದು ಅದರ ಒಂದು ಉಪಯೋಗ. ತವರನ್ನು ನೆನೆಯುವುದು, ಅತ್ತೆಯ ಮೇಲಿನ ಸಿಟ್ಟನ್ನು ಯಾರ ಮನಸ್ಸಿಗೂ ನೋವಾಗದಂತೆ ಹೊರಹಾಕುವುದು ಇನ್ನೊಂದು ಉಪಯೋಗ. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ತೋಳಿಗೆ ಬಿಡುಗಡೆಯಾಯಿತು. ಅದು ದೊಡ್ಡ ಉಪಕಾರವೇ; ಬೀಸುವ ಕಲ್ಲು ಹೋಯಿತೆಂದು ಕಣ್ಣೀರಿಡುವವರು ಹೆಚ್ಚಾಗಿ ಎಂದೂ ಬೀಸದ ಗಂಡಸರು. ಆದರೆ ಕೆಲಸದೊಡನೆ ಹಾಡೂ ಹೋಯಿತೆಂಬುದು ಸತ್ಯ. ಗಿರಣಿಯ ಮುಂದೆ ಡಬ್ಬಿ ಇಟ್ಟು ಸರದಿಗಾಗಿ ನಿಂತವರು ಏನು ಹಾಡಬೇಕು?

ಉತ್ತರ ಕರ್ನಾಟಕದ ಹಂತಿಯ ಪದಗಳನ್ನು ಬಲ್ಲ ಹಿರಿಯರು ಈ ಸಂಚಿಕೆಯ ಓದುಗರಲ್ಲಿ ಅನೇಕರಿದ್ದಾರೆ. ಸುಗ್ಗಿಯಲ್ಲಿ ಕಣದ ನಡುವೆ ಮೇಟಿಯನ್ನು ನಿಲ್ಲಿಸಿ, ಎತ್ತುಗಳನ್ನು ಸಾಲಾಗಿ ಕಟ್ಟಿ, ತೆನೆಯ ಮೇಲೆ ರಾತ್ರಿಯಿಡೀ ಸುತ್ತಿಸುವಾಗ ಹಾಡುವ ಪದಗಳವು. ಒಬ್ಬನು ಹೇಳುವನು, ಉಳಿದವರು ಹಿಮ್ಮೇಳ ಹಿಡಿಯುವರು. ಶಿವಶರಣರ ಕಥೆಗಳು, ಊರಿನ ವೀರರ ಕಥೆಗಳು ಅದರಲ್ಲಿ ಬರುತ್ತಿದ್ದವು. ನಿದ್ದೆಯನ್ನು ದೂರವಿಡುವುದು, ಎತ್ತಿನ ಹೆಜ್ಜೆ ನಿಲ್ಲದಂತೆ ನೋಡಿಕೊಳ್ಳುವುದು ಅದರ ಕೆಲಸ. ಈಗ ರಾಶಿಯ ಯಂತ್ರವು ಬಂದು ರಾತ್ರಿಯಿಡೀ ನಡೆಯುತ್ತಿದ್ದ ಕೆಲಸವನ್ನು ಕೆಲವು ಗಳಿಗೆಯಲ್ಲಿ ಮುಗಿಸುತ್ತದೆ. ಅದೇ ಸೀಮೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ನಡುರಾತ್ರಿಯಲ್ಲಿ ಕಾರ್ಖಾನೆಯತ್ತ ಸಾಗುವಾಗ ಚಾಲಕನು ದೊಡ್ಡ ಧ್ವನಿಯಲ್ಲಿ ಹಾಡು ಹಚ್ಚಿರುತ್ತಾನೆ. ನಾವು ಹಾಸಿಗೆಯಲ್ಲಿ ಎದ್ದು ಕುಳಿತು ಶಪಿಸುತ್ತೇವೆ. ಶಪಿಸಲು ಕಾರಣವೂ ಇದೆ. ಆದರೆ ವಿಚಾರಿಸಿ ನೋಡಿದರೆ, ಅವನಿಗೆ ಆ ಹಾಡು ಬೇಕಾಗಿರುವುದು ಹಂತಿ ಹೊಡೆಯುವವನಿಗೆ ಪದ ಬೇಕಾಗಿದ್ದ ಕಾರಣಕ್ಕೇ: ಕಣ್ಣು ಮುಚ್ಚಬಾರದು, ಗಾಲಿ ನಿಲ್ಲಬಾರದು. ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ಹಂತಿಯವನು ಹಾಡುತ್ತಿದ್ದ, ಇವನು ಕೇಳುತ್ತಾನೆ. ಅವನ ಜೊತೆಗೆ ಹಿಮ್ಮೇಳವಿತ್ತು, ಇವನು ಒಬ್ಬಂಟಿ.

ಯಂತ್ರಗಳ ನಾಡಾದ ಇಂಗ್ಲೆಂಡಿನಲ್ಲಿ ಈ ಮಾತನ್ನು ಸರಕಾರವೇ ಮನಗಂಡಿತ್ತು. ಮಹಾಯುದ್ಧದ ನಡುವೆ, 1940ರಲ್ಲಿ, ಬಿ.ಬಿ.ಸಿ.ಯು ಕಾರ್ಖಾನೆಗಳ ಕೆಲಸಗಾರರಿಗಾಗಿ ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ ಜನಪ್ರಿಯ ಸಂಗೀತವನ್ನು ಬಿತ್ತರಿಸತೊಡಗಿತು. ಧ್ವನಿವರ್ಧಕಗಳ ಮೂಲಕ ಅದು ಯಂತ್ರಗಳ ನಡುವೆ ಮೊಳಗಿತು. ಯುದ್ಧ ಮುಗಿದ ಮೇಲೂ 1967ರ ವರೆಗೆ ಮುಂದುವರಿಯಿತು. ಉದ್ದೇಶ ಉತ್ಪಾದನೆಯನ್ನು ಹೆಚ್ಚಿಸುವುದಾಗಿತ್ತು ಎಂಬುದನ್ನು ಅವರು ಮರೆಮಾಚಲಿಲ್ಲ. ದುಡಿಯುವವನ ಕೈಗೆ ಹಾಡು ಬೇಕೆಂಬ ಸತ್ಯವನ್ನು ಬೀಸುವ ಕಲ್ಲಿನ ಹೆಣ್ಣುಮಗಳು ತಾನೇ ಕಂಡುಕೊಂಡಿದ್ದಳು. ಅಲ್ಲಿ ಅದನ್ನು ಕಂಡುಕೊಂಡವರು ಕೆಲಸ ಮಾಡಿಸುವವರು. ಹಾಡನ್ನು ಯಾರು ಆರಿಸುತ್ತಾರೆ ಎಂಬ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ. ನಮ್ಮ ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಪಕ್ಕದವನ ಮಾತೇ ಕೇಳಿಸದಿರುವಾಗ, ಕೈಮಗ್ಗದ ಲಾಳಿಯೊಡನೆ ಗುನುಗುತ್ತಿದ್ದ ಪದಕ್ಕೆ ಎಡೆಯೆಲ್ಲಿ?

ಇನ್ನು ನಮ್ಮ ಪರಂಪರೆಯತ್ತ ಬರೋಣ. 'ಮಠದ ಶಾಲೆಗೆ ಇದು ತಕ್ಕುದಲ್ಲ' ಎಂಬ ಮಾತು ಬರುವುದು ಪರಂಪರೆಯ ಹೆಸರಿನಲ್ಲಿಯೇ. ಜೇಡರ ದಾಸಿಮಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಈ ಹೆಸರುಗಳ ಮೊದಲಲ್ಲಿ ನಿಂತಿರುವುದು ಪದವಿಯಲ್ಲ, ಕಾಯಕ. ವಚನಗಳು ರಂಜನೆಗಾಗಿ ಹುಟ್ಟಿದವಲ್ಲ. ಅವನ್ನು ಸಿನಿಮಾ ಹಾಡಿನೊಡನೆ ಒಂದೇ ತಕ್ಕಡಿಯಲ್ಲಿ ತೂಗುವ ಅವಿವೇಕ ನನ್ನದಲ್ಲ. ಆದರೆ ಅನುಭಾವದ ಅತ್ಯುನ್ನತ ಮಾತನ್ನು ಆಡಲು ಶರಣರು ಆರಿಸಿಕೊಂಡದ್ದು ಸಂತೆ, ಮಗ್ಗ, ದೋಣಿ, ಒಲೆಗಳ ನುಡಿಯನ್ನು. ಪಂಡಿತರು ಕೀಳೆಂದು ಬಗೆದಿದ್ದ ನುಡಿಯನ್ನು. ಬಹುಜನರ ನಾಲಗೆಯಲ್ಲಿರುವುದರಿಂದಲೇ ಒಂದು ಮಾತು ಮೈಲಿಗೆಯಾಗುವುದಿಲ್ಲ ಎಂಬುದನ್ನು ಹನ್ನೆರಡನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟವರ ವಾರಸುದಾರರು ನಾವು. ಆ ವಚನಗಳನ್ನು ಮತ್ತೆ ಜನರಿಗೆ ಮುಟ್ಟಿಸಲು ಫ.ಗು. ಹಳಕಟ್ಟಿಯವರು ಕೈಗೊಂಡ ಉಪಾಯವನ್ನೂ ನೆನೆಯಬೇಕು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವು ಹೊರಬಂದಿತು. ಅಷ್ಟಕ್ಕೇ ನಿಲ್ಲದೆ ಅವರು ಸ್ವಂತ ಮನೆಯನ್ನು ಮಾರಿ ಮುದ್ರಣಾಲಯವನ್ನು ಸ್ಥಾಪಿಸಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಕೈಬರಹದ ಗ್ರಂಥಗಳು ಪೂಜೆಯ ಜಗುಲಿಯಿಂದ ಇಳಿದು ಮಾರುವ ಪುಸ್ತಕವಾದದ್ದರಿಂದಲೇ ಇಂದು ನಮ್ಮ ಮಕ್ಕಳ ಬಾಯಲ್ಲಿ ವಚನಗಳಿವೆ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ನಿದರ್ಶನವು ಇದಕ್ಕಿಂತ ಮಿಗಿಲಾದುದು. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು (1892–1944), ಅವರ ತರುವಾಯ ಪುಟ್ಟರಾಜ ಗವಾಯಿಗಳು (1914–2010), ಅಂಧರೂ ಅನಾಥರೂ ಆದ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ನೀಡಿದ ಕಥೆ ನಾಡಿಗೆಲ್ಲ ತಿಳಿದದ್ದು. ಆ ಅನ್ನ ಬಂದದ್ದೆಲ್ಲಿಂದ? ಭಕ್ತರ ಕಾಣಿಕೆಯಿಂದ ಬಂದಿತು. ಆಶ್ರಮದ ನಾಟಕ ಕಂಪನಿಯ ಟಿಕೀಟಿನಿಂದಲೂ ಬಂದಿತು. ಜಾತ್ರೆಯಿಂದ ಜಾತ್ರೆಗೆ ತಿರುಗಿ, ಡೇರೆ ಹೊಡೆದು, ಸೀನರಿ ಕಟ್ಟಿ, ಪೇಟಿ ಬಾರಿಸಿ, ರೈತಾಪಿ ಜನರ ಮುಂದೆ ಆಡಿದ ನಾಟಕಗಳವು. ಪುಟ್ಟರಾಜ ಗವಾಯಿಗಳು ಸ್ವತಃ ನಾಟಕಗಳನ್ನು ರಚಿಸಿದರು. ಪಕ್ಕದ ಡೇರೆಯ ಕಂಪನಿಯೊಡನೆ ಪ್ರೇಕ್ಷಕರಿಗಾಗಿ ಪೈಪೋಟಿ ಮಾಡಬೇಕಾದ ಜಾಗದಲ್ಲಿ ನಿಂತು, ಜನರ ರುಚಿಯನ್ನು ಅರಿತು, ಅದಕ್ಕೆ ಶರಣರ ಕಥೆಯನ್ನು ಹೊಂದಿಸಿದ ಸಾಹಸವದು. ಆ ಗುರುಗಳಿಗಿಂತ ಮಡಿವಂತಿಕೆ ನಮಗೆ ಹೆಚ್ಚು ಬೇಕೆ?

ಏಣಗಿ ಬಾಳಪ್ಪನವರು (1914–2017) 'ಜಗಜ್ಯೋತಿ ಬಸವೇಶ್ವರ' ನಾಟಕದಲ್ಲಿ ಬಸವಣ್ಣನವರ ಪಾತ್ರವನ್ನು ಧರಿಸಿ ಊರೂರು ಸುತ್ತಿದರು. ಓದು ಬಾರದ ಎಷ್ಟೋ ದುಡಿಯುವ ಕುಟುಂಬಗಳಿಗೆ ಕಲ್ಯಾಣದ ಕಥೆ ಮೊದಲು ತಿಳಿದದ್ದು ಪುಸ್ತಕದಿಂದಲ್ಲ, ಇಂಥ ರಂಗದಿಂದ. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ನಾಟಕಗಳನ್ನು ಬರೆದು ಆಡಿಸಿದರು. 1997ರಲ್ಲಿ ಸಾಣೇಹಳ್ಳಿಯಲ್ಲಿ ಆರಂಭವಾದ 'ಶಿವಸಂಚಾರ'ದ ಕಲಾವಿದರು ಊರಿಂದೂರಿಗೆ ನಾಟಕಗಳನ್ನು ಕೊಂಡೊಯ್ದರು. ನಾನು ಮೊದಲಲ್ಲಿಯೇ ಶಿಖರವೆಂದು ಹೆಸರಿಸಿದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕ ಕಂಪನಿಯ ನಟರು. ಅಲ್ಲಿ ಅವರ ಹಾಡನ್ನು ಕೇಳಿಯೇ ನೀಲಕಂಠಬುವಾ ಆಲೂರಮಠರು ಶಿಷ್ಯನನ್ನಾಗಿ ಸ್ವೀಕರಿಸಿದರು. ಶಿಖರಕ್ಕೆ ಹೋಗುವ ದಾರಿಯು ಜಾತ್ರೆಯ ಡೇರೆಯ ಮೂಲಕವೂ ಹಾಯ್ದಿತ್ತು.

ಬಹಿಷ್ಕಾರವನ್ನು ಪ್ರಯೋಗಿಸಿ ನೋಡಿದವರು ಇಲ್ಲದಿಲ್ಲ. 1952ರಲ್ಲಿ ಕೇಂದ್ರ ಸರಕಾರದ ಪ್ರಸಾರಖಾತೆಯ ಸಚಿವರಾದ ಬಿ.ವಿ. ಕೇಸ್ಕರ್ ಅವರು ಸಂಗೀತವನ್ನು ಬಲ್ಲವರು, ಸದುದ್ದೇಶವುಳ್ಳವರು. ಸಿನಿಮಾ ಹಾಡುಗಳಿಂದ ಜನರ ಅಭಿರುಚಿ ಕೆಡುತ್ತಿದೆಯೆಂದು ಭಾವಿಸಿ ಆಕಾಶವಾಣಿಯಲ್ಲಿ ಅವುಗಳಿಗೆ ಕಡಿವಾಣ ಹಾಕಿದರು. ಜನರು ಶಾಸ್ತ್ರೀಯ ಸಂಗೀತದತ್ತ ತಿರುಗಿದರೆ? ರೇಡಿಯೋದ ಮುಳ್ಳನ್ನು ಸಿಲೋನಿನತ್ತ ತಿರುಗಿಸಿದರು. ಅಲ್ಲಿಂದ ಬರುತ್ತಿದ್ದ 'ಬಿನಾಕಾ ಗೀತಮಾಲಾ'ದಲ್ಲಿ ಅಮೀನ್ ಸಯಾನಿಯವರ ಧ್ವನಿಗಾಗಿ ದೇಶವೇ ಕಾದು ಕುಳಿತಿತು. ಕಡೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ 'ವಿವಿಧ ಭಾರತಿ'ಯನ್ನು ಆರಂಭಿಸಿ ಹಾಡುಗಳನ್ನು ಬರಮಾಡಿಕೊಳ್ಳಬೇಕಾಯಿತು. ಇಡೀ ದೇಶದ ಆಕಾಶವನ್ನು ಆಳುತ್ತಿದ್ದ ಇಲಾಖೆಗೆ ಸಾಧಿಸದ ಕೆಲಸವು ಒಂದು ಪ್ರೌಢಶಾಲೆಯ ಸಮಿತಿಗೆ ಸಾಧಿಸುವುದೆ? ವೇದಿಕೆಯಿಂದ ಇಳಿಸಿದ ಹಾಡು ವಸತಿಗೃಹದ ಹಿಂದಣ ಗೋಡೆಯ ಬಳಿ ಹಾಡುತ್ತದೆ. ಅಲ್ಲಿ ಗುರುಗಳಿಲ್ಲ.

ಜನಪ್ರಿಯವಾದುದು ದುಡಿಮೆಯ ಮೇಲೆ ಮಾಡುವ ಪರಿಣಾಮಕ್ಕೆ ನಮ್ಮ ನಾಡಿನ ನಿದರ್ಶನವನ್ನೇ ತೆಗೆದುಕೊಳ್ಳೋಣ. ತ.ರಾ.ಸು. ಅವರಂತೆಯೇ ಮನೆಮಾತಾಗಿದ್ದ ಕಾದಂಬರಿಕಾರ ಟಿ.ಕೆ. ರಾಮರಾವ್ ಅವರ ಕೃತಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ 'ಬಂಗಾರದ ಮನುಷ್ಯ' 1972ರಲ್ಲಿ ತೆರೆಕಂಡಿತು. ಬರಡು ನೆಲವನ್ನು ಹಸನುಗೊಳಿಸುವ ರಾಜೀವನ ಪಾತ್ರದಲ್ಲಿ ರಾಜಕುಮಾರರನ್ನು ಕಂಡು ಪಟ್ಟಣದ ತರುಣರು ಹಳ್ಳಿಗೆ ಮರಳಿ ನೇಗಿಲು ಹಿಡಿದರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಎಷ್ಟು ಮಂದಿ ಮರಳಿದರೆಂದು ಲೆಕ್ಕವಿಟ್ಟವರಿಲ್ಲ, ಆ ಲೆಕ್ಕ ನನಗೆ ಮುಖ್ಯವೂ ಅಲ್ಲ. ಮಗ ಓದಿ ಕಾರಕೂನನಾದರೆ ಸಾಕೆಂದು ಹರಕೆ ಹೊರುತ್ತಿದ್ದ ಕಾಲದಲ್ಲಿ, ಒಕ್ಕಲುತನವು ತಲೆ ಎತ್ತಿ ಹೇಳಿಕೊಳ್ಳಬಹುದಾದ ವೃತ್ತಿ ಎಂದು ಲಕ್ಷಾಂತರ ಜನರಿಗೆ ಅನ್ನಿಸಿತು. ಕಾಯಕದ ಮಹಿಮೆಯನ್ನು ನಾವು ಶಾಲೆಯ ಗೋಡೆಯ ಮೇಲೆ ಬರೆಸುತ್ತೇವೆ. ಆ ಚಿತ್ರವು ಅದನ್ನು ಮೂರು ತಾಸು ಕೂಡ್ರಿಸಿ ಕಾಣಿಸಿತು. ಹತ್ತು ವರುಷಗಳ ತರುವಾಯ ಇನ್ನೊಂದು ಸಂಗತಿ ನಡೆಯಿತು. ಶಾಲೆಗಳಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಬೇಕೆಂದ ಗೋಕಾಕ್ ಸಮಿತಿಯ ವರದಿಯ ಪರವಾಗಿ ಸಾಹಿತಿಗಳೂ ಪ್ರಾಧ್ಯಾಪಕರೂ ಹೋರಾಡುತ್ತಿದ್ದರು. 1982ರಲ್ಲಿ ರಾಜಕುಮಾರರು ಆ ಚಳವಳಿಯನ್ನು ಸೇರಿದ ಮೇಲೆ ಅದು ಬೀದಿಬೀದಿಯ ಜನರ ಚಳವಳಿಯಾಯಿತು. ಭಾಷೆಗೂ ನೌಕರಿಗೂ ಇರುವ ಸಂಬಂಧವನ್ನು ವರದಿಯ ಪುಟಗಳಿಂದ ಅರಿಯದವರು ಆ ನಟನ ಬಾಯಿಂದ ಅರಿತರು.

ಹಾಗೆಂದು ಜನಪ್ರಿಯವಾದುದೆಲ್ಲ ಗ್ರಾಹ್ಯವೆಂದು ನಾನು ವಾದಿಸುವುದಿಲ್ಲ. ಅದರಲ್ಲಿ ವಿಷವೂ ಇದೆ. ಬಹಿಷ್ಕಾರದ ಮಾತಾಡುವವರು ಆ ವಿಷವನ್ನು ತಪ್ಪು ಜಾಗದಲ್ಲಿ ಹುಡುಕುತ್ತಾರೆಂಬುದು ನನ್ನ ಆಕ್ಷೇಪಣೆ. ಅವರ ಕಣ್ಣು ಉಡುಗೆಯ ಅಳತೆಯ ಮೇಲೆ, ಕುಣಿತದ ಬಳುಕಿನ ಮೇಲೆ. ಅದಕ್ಕಿಂತ ಆಳವಾಗಿ ಇಳಿಯುವುದು ಬೇರೆ. ಎಷ್ಟೋ ಚಿತ್ರಗಳಲ್ಲಿ ಶಾಲೆಯ ಮೇಷ್ಟ್ರು ವಿದೂಷಕ. ಮನೆಗೆಲಸದವಳು, ಕ್ಷೌರಿಕ, ಪೇದೆ ನಗೆಯ ಸರಕು. ಧಾರವಾಡ, ಬೆಳಗಾವಿ ಕಡೆಯ ಗಂಡುಗನ್ನಡವನ್ನು ಹಲವು ಚಿತ್ರಗಳು ಹಾಸ್ಯಪಾತ್ರಗಳಿಗೇ ಮೀಸಲಾಗಿರಿಸಿದವು. ಇದರ ಫಲವನ್ನು ಉಣ್ಣುವವರು ನಮ್ಮ ಹಳೆಯ ವಿದ್ಯಾರ್ಥಿಗಳೇ. ಬೆಂಗಳೂರಿನ ಕಚೇರಿಗೆ ಹೊಸದಾಗಿ ಸೇರಿದ ಹುಡುಗನು 'ಹೌದ್ರೀ' ಎಂದೊಡನೆ ಪಕ್ಕದ ಮೇಜಿನವನು ಸಿನಿಮಾದ ಧಾಟಿಯಲ್ಲಿ ಅಣಕಿಸುತ್ತಾನೆ. ಅಣಕಿಸುವವನಲ್ಲಿ ಕೇಡಿಲ್ಲದಿರಬಹುದು. ಆದರೆ ಹುಡುಗನು ನಾಲ್ಕು ದಿನಗಳಲ್ಲಿ ಮಾತನ್ನು ಬದಲಿಸುತ್ತಾನೆ, ಸಭೆಯಲ್ಲಿ ಬಾಯಿ ತೆರೆಯಲು ಅಳುಕುತ್ತಾನೆ. ಮೇಲಧಿಕಾರಿಯು ಅವನನ್ನು ಮಂದನೆಂದು ತಿಳಿಯುತ್ತಾನೆ. ಒಂದು ನಗೆಯ ದೃಶ್ಯದ ಬೆಲೆಯನ್ನು ಒಬ್ಬ ದುಡಿಯುವ ತರುಣನು ತನ್ನ ಬಡ್ತಿಯಿಂದ ತೆರುತ್ತಾನೆ.

ಅದೇ ಕಚೇರಿಯಲ್ಲಿ ಅದೇ ಹುಡುಗನಿಗೆ ಮೊದಲ ಗೆಳೆಯನನ್ನು ದೊರಕಿಸಿಕೊಡುವುದೂ ಬಹುಶಃ ಒಂದು ಹಾಡೇ. ಬೇರೆ ಬೇರೆ ಜಾತಿ, ಊರು, ಭಾಷೆಗಳಿಂದ ಬಂದವರು ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ಮಾತಿಗೆ ಸಿಗುವ ಸಮಾನ ವಿಷಯವು ಸಿನಿಮಾ ಅಥವಾ ಕ್ರಿಕೆಟ್ಟು. ಆಸ್ಪತ್ರೆಯ ದಾದಿ, ಬ್ಯಾಂಕಿನ ಗುಮಾಸ್ತೆ, ಕೃಷಿ ಸಹಾಯಕ, ಶಿಕ್ಷಕ, ಜನರೊಡನೆ ಬಾಳಬೇಕಾದ ಯಾವ ವೃತ್ತಿಯವನಾದರೂ ಆಗಲಿ, ಜನರ ನಾಲಗೆಯ ಮೇಲಿರುವುದನ್ನು ಅರಿಯದಿದ್ದರೆ ಅವನ ಒಳ್ಳೆಯ ಮಾತೂ ಅರ್ಧದಾರಿಯಲ್ಲಿ ಬಿದ್ದುಹೋಗುತ್ತದೆ. ಇಂದಿನ ಹಾಡುಗಳ ಗಂಧವೇ ಇಲ್ಲದ ಮೇಷ್ಟ್ರಿಗಿಂತ, ಕೇಳಿ, ಇದು ಚೆನ್ನಾಗಿದೆ, ಇದು ಹೆಣ್ಣಿಗೆ ಅವಮಾನ ಎಂದು ಬಿಡಿಸಿ ಹೇಳಬಲ್ಲ ಮೇಷ್ಟ್ರಿಗೆ ಹತ್ತನೆಯ ತರಗತಿಯ ಹುಡುಗರು ಕಿವಿಗೊಡುತ್ತಾರೆ. ಮೊಬೈಲು ಬಂದ ಮೇಲೆ ಈ ವಿವೇಚನೆಯ ಅಗತ್ಯ ಹೆಚ್ಚಿದೆ. ಡೇರೆಯ ನಾಟಕವನ್ನು ಊರೆಲ್ಲ ಕೂಡಿ ನೋಡುತ್ತಿತ್ತು. ಕೆಟ್ಟ ಮಾತು ಬಂದರೆ ಯಾರಾದರೊಬ್ಬ ಹಿರಿಯರು ಎದ್ದು ನಿಂತು ಗದರುತ್ತಿದ್ದರು. ಅಂಗೈಯೊಳಗಿನ ಪರದೆಯನ್ನು ಮಗು ಒಂಟಿಯಾಗಿ ನೋಡುತ್ತದೆ.

ಆದುದರಿಂದ ಸಂಸ್ಥೆಯ ಅಧ್ಯಾಪಕ ಬಂಧುಗಳಲ್ಲಿಯೂ ದಾನಿಗಳಲ್ಲಿಯೂ ನನ್ನದೊಂದು ವಿನಂತಿ. ಸ್ನೇಹಸಮ್ಮೇಳನದಲ್ಲಿ ಸಿನಿಮಾ ಹಾಡಿಗೆ ಎಡೆಯಿರಲಿ. ಆದರೆ ಹಾಡುವ ವಿದ್ಯಾರ್ಥಿಯು ಮೊದಲು ಎರಡು ನಿಮಿಷ ನಿಂತು, ಹಾಡನ್ನು ಬರೆದವರು ಯಾರು, ರಾಗ ಹಾಕಿದವರು ಯಾರು, ತಾನು ಇದನ್ನೇ ಆರಿಸಿದ್ದೇಕೆ ಎಂಬುದನ್ನು ಸಭೆಗೆ ತಿಳಿಸಬೇಕು. ಉತ್ತರ ಹೊಳೆಯದ ಹಾಡುಗಳು ತಾವಾಗಿಯೇ ಹಿಂದೆ ಸರಿಯುವವು. ಅವನ್ನು ತಡೆಯಲು ಸಮಿತಿ ಬೇಡ. ದಾನಿಗಳು ಮುಂದಿನ ವರುಷ ಇನ್ನೊಂದು ಕಮಾನು ಕಟ್ಟಿಸಿ ಹೆಸರು ಕೆತ್ತಿಸುವ ಮುನ್ನ, ಸುತ್ತಲಿನ ಹಳ್ಳಿಗಳಲ್ಲಿ ಹಂತಿಯ ಪದ, ಬೀಸುವ ಪದ, ಸೋಬಾನೆ ಪದಗಳನ್ನು ಬಲ್ಲ ಹಿರಿಯರ ಧ್ವನಿಯನ್ನು ಮಕ್ಕಳಿಂದಲೇ ಮುದ್ರಿಸಿ ಇರಿಸುವ ಕೆಲಸಕ್ಕೆ ಒಂದಿಷ್ಟು ಹಣವನ್ನು ತೆಗೆದಿರಿಸಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಯಂತ್ರವಿದ್ಯೆ ಬಲ್ಲವರು ಎಷ್ಟೋ ಮಂದಿ ಇದ್ದಾರೆ. ಮುದ್ರಿಸಿದ್ದನ್ನು ಕೆಡದಂತೆ ಕಾಪಾಡುವ ಹೊಣೆಯನ್ನು ಅವರು ಹೊರಬಲ್ಲರು. ಬರುವ ಸಮ್ಮೇಳನದ ವೇದಿಕೆಯ ಮೇಲೆ ಹಂತಿಯ ಪದ ಬಲ್ಲ ಒಬ್ಬ ಅಜ್ಜನನ್ನೂ, ಟ್ರ್ಯಾಕ್ಟರ್ ನಡೆಸುವ ನಮ್ಮದೇ ಒಬ್ಬ ಹಳೆಯ ವಿದ್ಯಾರ್ಥಿಯನ್ನೂ ಒಟ್ಟಿಗೆ ಕೂಡ್ರಿಸೋಣ. ಅಜ್ಜ ಹಾಡಲಿ, ಆತ ತಾನು ರಾತ್ರಿ ಕೇಳುವ ಹಾಡನ್ನು ಹಚ್ಚಲಿ, ಮಕ್ಕಳು ಇಬ್ಬರನ್ನೂ ಪ್ರಶ್ನಿಸಲಿ. ಮುಖ್ಯ ಅತಿಥಿಗಳಿಗೆ ಸಲ್ಲುವ ಶಾಲು, ಫಲಪುಷ್ಪ, ಹೋಗಿಬರುವ ಖರ್ಚು ಅವರಿಬ್ಬರಿಗೂ ಅದೇ ಕ್ರಮದಲ್ಲಿ ಸಲ್ಲಬೇಕು. ಕಬ್ಬು ಕಡಿಯುವ ಕಾಲದಲ್ಲಿಯೂ ರಾಶಿಯ ಕಾಲದಲ್ಲಿಯೂ ಅವರು ಬರಲಾರರು. ಕರೆಯೋಲೆ ಅಚ್ಚಾಗುವ ಮುನ್ನ ಅವರ ಮನೆಗೇ ಹೋಗಿ, ಅವರನ್ನು ಕೇಳಿಯೇ ತಾರೀಖು ಗೊತ್ತುಮಾಡುವುದು ಒಳಿತು.